ಹನ್ನೆರಡು ಕಿಲೋ ದೋಣಿ, ಐದು ಚಿನ್ನ: ರೇಸ್ ಕೆ-1 ಕೊಳ್ಳುವ ಮುನ್ನ

ತೀರ್ಪನ್ನು ಮೊದಲೇ ಹೇಳಿಬಿಡೋಣ. ಪೋರ್ಚುಗಲ್ಲಿನ ನೆಲೋ ಕಂಪನಿಯ ರೇಸ್ ಕೆ-1, ಅಂದರೆ ಒಬ್ಬರೇ ಕೂತು ಹುಟ್ಟು ಹಾಕುವ ಸ್ಪ್ರಿಂಟ್ ಕಯಾಕ್, ತಾನು ಮಾಡಬೇಕಾದ ಕೆಲಸವನ್ನು ಬಲು ಚೆನ್ನಾಗಿ ಮಾಡುತ್ತದೆ. ಆ ಕೆಲಸ ಒಂದೇ: ಗಾಳಿಯಿಲ್ಲದ ನೀರಿನಲ್ಲಿ ನೇರವಾಗಿ, ಆದಷ್ಟು ಬೇಗ ಹೋಗುವುದು. ಆದರೆ ಒಲಿಂಪಿಕ್ಸ್ ನೋಡಿ ಮಗಳಿಗೊಂದು ತರಿಸೋಣ ಅಂದುಕೊಂಡವರಲ್ಲಿ ಬಹುಪಾಲು ಮಂದಿಗೆ ಅದು ತಪ್ಪು ದೋಣಿ. ಅದೇ ದುಡ್ಡಿನಲ್ಲಿ ಅಗಲದ ಕಲಿಕೆ ದೋಣಿ, ಅಳತೆಗೆ ಸರಿಯಾದ ಹುಟ್ಟು, ಎರಡು ವರ್ಷದ ತರಬೇತಿ ಎಲ್ಲವೂ ಬಂದಾವು.

ಹೀಗೆ ಹೇಳುವುದಕ್ಕೆ ಆಧಾರ ನ್ಯೂಜಿಲೆಂಡಿನ ಲೀಸಾ ಕ್ಯಾರಿಂಗ್ಟನ್ ಅವರ ದಾಖಲೆ. ಒಲಿಂಪಿಕ್ಸ್‌ನಲ್ಲಿ ಅವರದು ಎಂಟು ಚಿನ್ನ, ಒಂದು ಕಂಚು. ಎಂಟರಲ್ಲಿ ಐದು ಚಿನ್ನ ಕೆ-1ರಲ್ಲಿ ಒಬ್ಬರೇ ಗೆದ್ದದ್ದು: 2012ರ ಲಂಡನ್, 2016ರ ರಿಯೋ, 2021ರಲ್ಲಿ ನಡೆದ ಟೋಕಿಯೋ ಮೂರರಲ್ಲೂ 200 ಮೀಟರ್, ಟೋಕಿಯೋ ಮತ್ತು 2024ರ ಪ್ಯಾರಿಸ್‌ನಲ್ಲಿ 500 ಮೀಟರ್. ಈ ಆಟದ ದೋಣಿಗಳು ಫಾರ್ಮುಲಾ ಒನ್ ಕಾರಿನ ಹಾಗೆ ಬಾಗಿಲು ಹಾಕಿಕೊಂಡು ಒಬ್ಬರಿಗಾಗಿ ಕಟ್ಟಿದವಲ್ಲ. ಕ್ಯಾಟಲಾಗಿನಲ್ಲಿರುವ ಅಚ್ಚಿನಿಂದಲೇ ಬರುತ್ತವೆ, ದುಡ್ಡು ಕೊಟ್ಟರೆ ಯಾರಿಗೂ ಸಿಗುತ್ತವೆ. ಫೈನಲ್‌ನಲ್ಲಿ ಮೊದಲು ಬಂದವರ ದೋಣಿಗೂ ಕೊನೆಗೆ ಬಂದವರ ದೋಣಿಗೂ ಒಂದೇ ಕಾರ್ಖಾನೆಯ ಚೀಟಿ ಅಂಟಿರುವುದು ಮಾಮೂಲು. ಅಂದಮೇಲೆ ಗೆಲುವಿನ ಗುಟ್ಟು ಒಡಲಿನ ಆಕಾರದಲ್ಲಿ ಇದ್ದಿರಲಾರದು. ಒಡಲು ಮತ್ತು ಅದರೊಳಗೆ ಕೂತವರು ಒಬ್ಬರಿಗೊಬ್ಬರು ಹೇಗೆ ಹೊಂದಿದ್ದಾರೆ ಎಂಬಲ್ಲಿ ಹುಡುಕಬೇಕು.

ಇನ್ನು ದೋಣಿಯ ವಿಚಾರ. ನೆಲೋ 1978ರಲ್ಲಿ ಮಾನ್ಯುಯೆಲ್ ರಾಮೋಸ್ ಶುರುಮಾಡಿದ ಕಂಪನಿ. ಪೋರ್ಟೋ ನಗರದ ಉತ್ತರಕ್ಕಿರುವ ವಿಲಾ ದೊ ಕೊಂಡೆ ಎಂಬ ಊರಿನದು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಕೆ-1 ದೋಣಿಯ ಉದ್ದ 520 ಸೆಂಟಿಮೀಟರ್ ಮೀರಬಾರದು, ತೂಕ 12 ಕಿಲೋಗಿಂತ ಕಡಿಮೆಯಾಗಬಾರದು. ಇಬ್ಬರ ಕೆ-2ಕ್ಕೆ 650 ಸೆಂಟಿಮೀಟರ್ ಮತ್ತು 18 ಕಿಲೋ, ನಾಲ್ವರ ಕೆ-4ಕ್ಕೆ 11 ಮೀಟರ್ ಮತ್ತು 30 ಕಿಲೋ. ರೇಸ್ ಮುಗಿದ ಮೇಲೆ ದೋಣಿಯನ್ನು ತಕ್ಕಡಿಗೆ ಏರಿಸುತ್ತಾರೆ. ನೂರು ಗ್ರಾಂ ಕಡಿಮೆ ಬಂದರೂ ಗೆಲುವು ಹೋಯಿತು. ಹಾಗಾಗಿ ಬಿಗಿಯಾಗಿ ಕೂರಿಸಿದ ಒಂದು ತೂಕದ ಬಿಲ್ಲೆಯ ಸಮೇತ 12 ಕಿಲೋ ಮೇಲೆ ಸ್ವಲ್ಪ ಇರುವಂತೆ ನೋಡಿಕೊಳ್ಳುವುದು ಜಾಣತನ. ಒಳಗೆ ನಿಂತ ನೀರು, ಸಡಿಲವಾಗಿ ಇಟ್ಟ ಸ್ಪಂಜು ಲೆಕ್ಕಕ್ಕೆ ಬರುವುದಿಲ್ಲ.

ಅಗಲಕ್ಕೆ ಈಗ ಮಿತಿಯಿಲ್ಲ. 2000ದವರೆಗೆ ಕೆ-1 ಎಲ್ಲಾದರೂ ಒಂದು ಕಡೆ 51 ಸೆಂಟಿಮೀಟರ್ ಅಗಲ ಇರಲೇಬೇಕಿತ್ತು. ಅದಕ್ಕೆ ವಿನ್ಯಾಸಕಾರರು ಕಂಡುಕೊಂಡ ಉಪಾಯ ನೋಡುವ ಹಾಗಿತ್ತು: ನೀರಿಗೆ ತಾಗುವ ಭಾಗವನ್ನು ಸಣ್ಣಗೆ ಮಾಡಿ, ಕೂತವರ ಬೆನ್ನ ಹಿಂದೆ ಮೇಲ್ಭಾಗವನ್ನು ಮಾತ್ರ ರೆಕ್ಕೆಯಂತೆ ಚಾಚಿಸಿ 51 ತೋರಿಸುತ್ತಿದ್ದರು. ಮೇಲಿನಿಂದ ನೋಡಿದರೆ ಗಾಳಿಪಟದ ಆಕಾರ. ಹಳೇ ದೋಣಿ ಕೊಳ್ಳುವವರಿಗೆ ಇದು ಗುರುತಿನ ಚಿಹ್ನೆ. ಹಿಂದೆ ಚೂಪಾದ ಭುಜಗಳಿದ್ದರೆ ಅದು ಆ ಕಾಲದ ವಿನ್ಯಾಸ. ಕಲಿಯುವುದಕ್ಕೆ ಅಡ್ಡಿಯಿಲ್ಲ, ಆದರೆ ಹುಟ್ಟು ಹೊರಗೆ ಬರುವ ಜಾಗದಲ್ಲಿ ಆ ಭುಜ ಅಡ್ಡ ಸಿಗುತ್ತದೆ.

ಇಷ್ಟು ಸಪೂರ ಏಕೆ ಬೇಕು? ಐದು ಮೀಟರ್ ಉದ್ದದ ಮಾಮೂಲಿ ದೋಣಿ ಗಂಟೆಗೆ ಸುಮಾರು 10 ಕಿಲೋಮೀಟರ್ ಮುಟ್ಟುತ್ತಿದ್ದಂತೆ ತಾನೇ ಎಬ್ಬಿಸಿದ ಅಲೆಯ ಗುಂಡಿಯಲ್ಲಿ ಸಿಕ್ಕಿಬೀಳುತ್ತದೆ. ಎಷ್ಟು ಬಲ ಹಾಕಿದರೂ ಮೂತಿ ಮೇಲೇಳುತ್ತದೆಯೇ ಹೊರತು ವೇಗ ಏರದು. ಪ್ಯಾರಿಸ್‌ನಲ್ಲಿ ಕ್ಯಾರಿಂಗ್ಟನ್ 500 ಮೀಟರನ್ನು 1 ನಿಮಿಷ 47.36 ಸೆಕೆಂಡಿನಲ್ಲಿ ಮುಗಿಸಿದರು. ಲೆಕ್ಕ ಹಾಕಿದರೆ ಗಂಟೆಗೆ ಸರಾಸರಿ 16.8 ಕಿಲೋಮೀಟರ್. ಟೋಕಿಯೋದ 200 ಮೀಟರ್ ಫೈನಲ್‌ನಲ್ಲಿ 38.120 ಸೆಕೆಂಡು, ಗಂಟೆಗೆ 18.9 ಕಿಲೋಮೀಟರಿನ ಸರಾಸರಿ, ಅದೂ ನಿಂತಲ್ಲಿಂದ ಹೊರಟು. ಉದ್ದಕ್ಕೆ ಹೋಲಿಸಿದರೆ ತೀರಾ ಕಡಿಮೆ ಅಗಲವಿದ್ದಾಗ ಏಳುವ ಅಲೆ ಸಣ್ಣದಾಗುತ್ತದೆ, ಅದನ್ನು ಸೀಳಿಕೊಂಡು ದಾಟಿಬಿಡಬಹುದು. ಉಳಿಯುವ ದೊಡ್ಡ ಶತ್ರು ಅಂದರೆ ನೀರಿನ ಉಜ್ಜು, ಎಷ್ಟು ಮೈ ಒದ್ದೆಯಾಗಿದೆಯೋ ಅಷ್ಟು.

ಇಲ್ಲೇ ಖರೀದಿದಾರರು ಎಡವುವುದು. ಒಂದೇ ಆಕಾರದ ಒಡಲನ್ನು ಕಂಪನಿ ಬೇರೆ ಬೇರೆ ಹೂರಣದಲ್ಲಿ ಮಾರುತ್ತದೆ: ಕಾರ್ಬನ್ ಬಟ್ಟೆ, ನಡುವೆ ಜೇನುಗೂಡಿನಂಥ ಪದರ, ಒಲೆಯಲ್ಲಿ ಬೇಯಿಸಿದ ಎಪಾಕ್ಸಿ ಇರುವ ದುಬಾರಿ ದೋಣಿ ಒಂದು ತುದಿ, ಗ್ಲಾಸ್ ಫೈಬರಿನ ಅಗ್ಗದ್ದು ಇನ್ನೊಂದು ತುದಿ. ಜನ ಹೆಚ್ಚು ದುಡ್ಡು ಸುರಿಯುವುದು ಇದರ ಮೇಲೆ. 65 ಕಿಲೋ ತೂಕದ ಹುಡುಗಿ 12 ಕಿಲೋ ದೋಣಿಯಲ್ಲಿ ಕೂತರೆ ಒಟ್ಟು 77 ಕಿಲೋ. 14 ಕಿಲೋ ದೋಣಿಯಲ್ಲಾದರೆ 79. ವ್ಯತ್ಯಾಸ ಶೇಕಡ ಎರಡೂವರೆಯಷ್ಟು. ಒಲಿಂಪಿಕ್ಸ್ ಫೈನಲ್‌ನಲ್ಲಿ ಅದು ಪದಕದ ವ್ಯತ್ಯಾಸವೇ, ಅನುಮಾನವಿಲ್ಲ. ಆದರೆ ಅಳತೆ ತಪ್ಪಿದ 12 ಕಿಲೋ ದೋಣಿಗಿಂತ ಅಳತೆಗೆ ಕೂತ 14 ಕಿಲೋ ದೋಣಿಯೇ ಕಲಿಯುವವರಿಗೆ ಮೇಲು.

ಅಳತೆ ಅಂದರೆ ಎಸ್, ಎಂ, ಎಂಎಲ್, ಎಲ್, ಎಕ್ಸ್‌ಎಲ್ ಹೀಗೆ, ಕೂರುವವರ ತೂಕದ ಮೇಲೆ. ಎತ್ತರದ ಮೇಲೆ ಅಲ್ಲ, ವಯಸ್ಸಿನ ಮೇಲೂ ಅಲ್ಲ. ಹಗುರ ಮೈಯವರು ದೊಡ್ಡ ಅಳತೆಯಲ್ಲಿ ಕೂತರೆ ದೋಣಿ ನೀರಿನ ಮೇಲೆ ತೇಲಿ ನಿಲ್ಲುತ್ತದೆ, ಪಕ್ಕದ ಗಾಳಿ ತಳ್ಳುತ್ತದೆ, ಎತ್ತರದ ಅಂಚಿಗೆ ಕೈ ಬಡಿಯುತ್ತದೆ, ಬಡಿಯದಿರಲೆಂದು ಹುಟ್ಟನ್ನು ದೂರದಲ್ಲಿ ಹಾಕುವ ಚಾಳಿ ಅಂಟುತ್ತದೆ. ಭಾರದವರು ಸಣ್ಣ ಅಳತೆಯಲ್ಲಿ ಕೂತರೆ ಹಿಂತುದಿ ಮುಳುಗಿ, ಬೆನ್ನ ಹಿಂದೆಯೇ ಅಲೆ ಎದ್ದು, ದೋಣಿ ಅಂಟಿಕೊಂಡಂತೆ ಆಗುತ್ತದೆ. ಗಂಡಸರಿಗೆಂದು ಎಲ್ ಅಥವಾ ಎಕ್ಸ್‌ಎಲ್ ತರಿಸಿ, ಹುಡುಗಿಯರನ್ನೂ ಅದರಲ್ಲೇ ಕೂರಿಸಿ, ಆಮೇಲೆ 'ಇವಳಿಗೆ ಬ್ಯಾಲೆನ್ಸ್ ಇಲ್ಲ' ಅನ್ನುವ ತರಬೇತುದಾರರಿಗೆ ಈ ಒಂದು ಪ್ಯಾರಾ ಓದಿ ಹೇಳಬಹುದು.

ಬ್ಯಾಲೆನ್ಸ್ ವಿಷಯ ಬಂತಲ್ಲ. ರೇಸ್ ಕೆ-1 ತಾನಾಗಿ ನಿಲ್ಲುವುದಿಲ್ಲ. ಸೈಕಲ್ಲಿನ ಹಾಗೆ, ಚಲಿಸುತ್ತಿರುವಾಗ ಮಾತ್ರ ಅದು ಸಾಧು. ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ ದೋಣಿಯ ನಿಲುವಿಗೆ 1ರಿಂದ 10ರವರೆಗೆ ಅಂಕ ಕೊಡುವ ರೂಢಿಯಿದೆ, ಕಲಿಯುವವರ ದೋಣಿಗೆ 7, 8, ಇದಕ್ಕೆ 1. ಹತ್ತಿ ಕೂತ ಮೊದಲ ಸೆಕೆಂಡಿನಲ್ಲೇ ಮಗುಚಿದರೆ ಕೂತವರ ತಪ್ಪಲ್ಲ. ನಡುನೀರಿನಲ್ಲಿ ಮಗುಚಿದರೆ ಮತ್ತೆ ಹತ್ತಲು ಆಗುವುದಿಲ್ಲ, ದೋಣಿ ಹಿಡಿದು ದಡಕ್ಕೆ ಈಜಬೇಕು. ಒಳಗೆ ಮೂತಿಯಲ್ಲೂ ಹಿಂತುದಿಯಲ್ಲೂ ಗಾಳಿಚೀಲವೋ ಥರ್ಮೊಕೋಲಿನ ತುಂಡೋ ಇಲ್ಲದಿದ್ದರೆ ದೋಣಿ ನೀರು ತುಂಬಿಕೊಂಡು ನೂರಾರು ಕಿಲೋ ತೂಗುತ್ತದೆ. ಹಾಗೆ ತುಂಬಿದ ದೋಣಿಯ ಎರಡು ತುದಿ ಹಿಡಿದು ಎತ್ತಿದರೆ ನಡುವೆ ಚಟ್ಟನೆ ಮುರಿಯುತ್ತದೆ. ನೀರಿನಲ್ಲೇ ಪಕ್ಕಕ್ಕೆ ಉರುಳಿಸಿ, ಒಂದು ತುದಿ ನಿಧಾನ ಎತ್ತಿ, ಬಗ್ಗಿಸಿ ಬಸಿಯಬೇಕು. ಕಾರ್ಬನ್ ದೋಣಿ ಕೆಡುವುದು ರೇಸಿನಲ್ಲಿ ಕಡಿಮೆ, ದಡದಲ್ಲೇ ಹೆಚ್ಚು.

ನೆಲೋ ತಾನೇ ಕಲಿಯುವವರಿಗೆಂದು ಬೇರೆ ದೋಣಿ ಮಾಡುತ್ತದೆ. ವೈಪರ್ ಎಂಬ ಸಾಲಿನಲ್ಲಿ ಹೆಸರಿನ ಪಕ್ಕದ ಅಂಕಿ ಹೆಚ್ಚಿದಷ್ಟೂ ದೋಣಿ ಅಗಲ, ನಿಲುವು ಗಟ್ಟಿ. ಮೊದಲ ದೋಣಿ ಅದೇ ಆಗಲಿ. ಯಾವಾಗ ಸಪೂರದ್ದಕ್ಕೆ ಏರಬಹುದು? ಸರಳ ಪರೀಕ್ಷೆಗಳಿವೆ. ಈಗಿನ ದೋಣಿಯಲ್ಲಿ ಮುಕ್ಕಾಲು ಗಂಟೆ ಒಂದು ಸಲವೂ ಹುಟ್ಟನ್ನು ನೀರಿಗೆ ಬಡಿದು ಆಧಾರ ತೆಗೆದುಕೊಳ್ಳದೆ ಹೋಗಬೇಕು. ನಿಂತು, ಮತ್ತೆ ಪೂರ್ತಿ ಬಲದಲ್ಲಿ ಹೊರಡಬೇಕು. ಸಾಗುತ್ತಲೇ ಹಿಂದೆ ತಿರುಗಿ ನೋಡಬೇಕು. ಮೂರೂ ಆದ ಮೇಲೆ ಒಂದೇ ಮೆಟ್ಟಿಲು ಮೇಲೆ. ಎರಡು ಮೆಟ್ಟಿಲು ಹಾರಿದವರ ಸೊಂಟ ಬಿಗಿಯಾಗುತ್ತದೆ, ಬಲವೆಲ್ಲ ಬೀಳದಿರುವುದಕ್ಕೇ ಖರ್ಚು. ಅಂಥವರು ಅಗಲದ ದೋಣಿಯವರಿಗಿಂತ ನಿಧಾನ ಹೋಗುವುದನ್ನು ಗಡಿಯಾರವೇ ಹೇಳುತ್ತದೆ.

ಕ್ಯಾರಿಂಗ್ಟನ್ ಅವರಿಗೆ ಈ ಮೆಟ್ಟಿಲು ಸಮುದ್ರದಲ್ಲಿ ಸಿಕ್ಕಿತು. 1989ರಲ್ಲಿ ಟೌರಂಗದಲ್ಲಿ ಹುಟ್ಟಿ ಓಹೋಪೆಯ ಕಡಲ ದಂಡೆಯಲ್ಲಿ ಬೆಳೆದ ಮಾವೊರಿ ಮೂಲದ ಹುಡುಗಿ, ಮೊದಲು ಕಡಲರಕ್ಷಣೆಯ ಕ್ರೀಡೆಯಿಂದ ಬಂದವರು. ಅಲೆಯ ಮೇಲೆ ದೋಣಿ ನಿಲ್ಲಿಸಲು ಕಲಿತ ಸೊಂಟಕ್ಕೆ ಕೆರೆಯ ನೀರು ಚಾಪೆ ಹಾಸಿದ ಹಾಗೆ. 2011ರಲ್ಲಿ ಹಂಗೆರಿಯ ಸೆಗೆಡ್‌ನಲ್ಲಿ 200 ಮೀಟರಿನ ವಿಶ್ವ ಚಾಂಪಿಯನ್ ಆದರು. ಮರುವರ್ಷ ಲಂಡನ್ ಚಿನ್ನ. ಮೂಲ್ಕಿ, ಸಸಿಹಿತ್ಲು ಕಡೆ ಅಲೆಹಲಗೆ ಹಿಡಿದು ಬೆಳೆಯುತ್ತಿರುವ ಮಕ್ಕಳಿಗೆ ಈ ದಾರಿ ಹತ್ತಿರದ್ದು. ಅಲ್ಲೇ ಶಾಂಭವಿ ಹೊಳೆಯ ಹಿನ್ನೀರು ಬೆಳಗಿನ ಹೊತ್ತು ಕನ್ನಡಿಯ ಹಾಗೆ ಇರುತ್ತದೆ.

ಕಾಲದ ಅಂಕಿ ನೋಡಿ ದೋಣಿ ತೂಗುವವರಿಗೆ ಒಂದು ಎಚ್ಚರಿಕೆ. ಲಂಡನ್ 200 ಮೀಟರಿನಲ್ಲಿ ಅವರ ಕಾಲ 44.638 ಸೆಕೆಂಡು, ರಿಯೋದಲ್ಲಿ 39.864, ಟೋಕಿಯೋದಲ್ಲಿ 38.120. ಒಂಬತ್ತು ವರ್ಷದಲ್ಲಿ ಆರೂವರೆ ಸೆಕೆಂಡು ಇಳಿದದ್ದನ್ನು ಹೊಸ ಅಚ್ಚಿನ ಮಹಿಮೆ ಎಂದು ಮಾರುವವರಿದ್ದಾರು. ನಂಬಬೇಡಿ. ಎದುರುಗಾಳಿ, ಹಿಂಗಾಳಿ, ನೀರಿನ ಬಿಸಿ, ಆಳ ಎಲ್ಲವೂ ಕಾಲವನ್ನು ಸೆಕೆಂಡುಗಟ್ಟಲೆ ಅಲ್ಲಾಡಿಸುತ್ತವೆ. ಅದಕ್ಕೇ ಈ ಆಟದಲ್ಲಿ ವಿಶ್ವದಾಖಲೆ ಅನ್ನದೆ ಅತ್ಯುತ್ತಮ ಕಾಲ ಅನ್ನುವುದು. ಹೋಲಿಸುವುದಾದರೆ ಒಂದೇ ರೇಸಿನ ಒಳಗೆ ಹೋಲಿಸಬೇಕು. ರಿಯೋದ 500 ಮೀಟರಿನಲ್ಲಿ ಹಂಗೆರಿಯ ದನುತಾ ಕೊಜಾಕ್ ಮೊದಲು, ಡೆನ್ಮಾರ್ಕಿನ ಎಮ್ಮಾ ಯೋರ್ಗೆನ್ಸನ್ ಎರಡನೆಯವರು, ಕ್ಯಾರಿಂಗ್ಟನ್ ಮೂರನೆಯವರು. ಟೋಕಿಯೋ ಮತ್ತು ಪ್ಯಾರಿಸ್ ಎರಡರಲ್ಲೂ ಅದೇ ದೂರಕ್ಕೆ ಕ್ಯಾರಿಂಗ್ಟನ್ ಮೊದಲು, ಹಂಗೆರಿಯ ತಮಾರಾ ಚಿಪೇಶ್ ಎರಡು, ಯೋರ್ಗೆನ್ಸನ್ ಮೂರು. ಪ್ಯಾರಿಸ್‌ನಲ್ಲಿ ಹೆಂಗಸರ ಕೆ-1 200 ಮೀಟರನ್ನೇ ಕೈಬಿಟ್ಟಿದ್ದರು. ತನ್ನ ಸ್ವಂತದ ದೂರ ಹೋದಮೇಲೂ ಅವರು ಕೆ-4, ಕೆ-2, ಕೆ-1 ಮೂರೂ 500 ಮೀಟರನ್ನು ಒಂದರ ಮರುದಿನ ಒಂದರಂತೆ ಗೆದ್ದರು. ತರಬೇತುದಾರ ಗಾರ್ಡನ್ ವಾಕರ್ ಮತ್ತು ಅವರು ವರ್ಷಗಟ್ಟಲೆ ತಿದ್ದಿದ್ದು ಇಲ್ಲಿ ಕಾಣುತ್ತದೆ. ಯಾವ ಮಾದರಿಯ ದೋಣಿ ಎಂಬುದರಿಂದ ಇದನ್ನು ವಿವರಿಸಲಾಗದು.

ಹಾಗಾದರೆ ದೋಣಿಯಲ್ಲಿ ತಿದ್ದಲು ಸಿಗುವುದು ಏನು? ಮೂರು ಭಾಗ: ಸೀಟು, ಕಾಲುಮಣೆ, ಕಾಲಿನ ಪಟ್ಟಿ. ಹೊಸ ದೋಣಿ ಬಂದ ದಿನ ಬಣ್ಣ ನೋಡುವುದು ಬಿಟ್ಟು ಇವುಗಳ ನಟ್ಟು ಬೋಲ್ಟು ನೋಡಿ. ಸೀಟು ಹಳಿಯ ಮೇಲೆ ಹಿಂದೆ ಮುಂದೆ ಸರಿಯುತ್ತದೆ. ಕೂತಾಗ ದೋಣಿ ಮಟ್ಟಸವಾಗಿ ಇರಬೇಕು. ದಡದಿಂದ ಯಾರಾದರೂ ಪಕ್ಕದಿಂದ ನೋಡಿ ಹೇಳಲಿ. ಮೂತಿ ಅಗೆದುಕೊಂಡು ಹೋಗುತ್ತಿದ್ದರೆ ಸೀಟನ್ನು ಒಂದು ಸೆಂಟಿಮೀಟರ್ ಹಿಂದಕ್ಕೆ, ಹಿಂತುದಿ ಕುಕ್ಕರಿಸಿದ್ದರೆ ಮುಂದಕ್ಕೆ. ಒಂದೊಂದೇ ಸೆಂಟಿಮೀಟರ್, ಪ್ರತಿ ಸಲ ಮೂರ್ನಾಲ್ಕು ದಿನ ಪ್ರಯತ್ನಿಸಿ. ಸೀಟಿನ ಎತ್ತರ ಏರಿಸಿದರೆ ಹುಟ್ಟಿಗೆ ಮೀಟುವ ಬಲ ಚೆನ್ನಾಗಿ ಸಿಗುತ್ತದೆ, ಆದರೆ ಏರಿಸಿದ ಪ್ರತಿ ಸೆಂಟಿಮೀಟರಿಗೂ ಓಲಾಟ ಹೆಚ್ಚುತ್ತದೆ. ಕಲಿಯುವಾಗ ತಗ್ಗಿನಲ್ಲೇ ಇರಲಿ. ತಿರುಗುವ ಸೀಟು ಎಂಬುದೂ ಸಿಗುತ್ತದೆ. ಸೊಂಟ ತಿರುಗಿಸಲು ಗೊತ್ತಿರುವವರಿಗೆ ಒಳ್ಳೆಯದು, ಗೊತ್ತಿಲ್ಲದವರಿಗೆ ಇನ್ನೊಂದು ಓಲಾಟ.

ಕಾಲುಮಣೆಯನ್ನು ಮೊಣಕಾಲಿನ ಒಳಕೋನ ಸುಮಾರು 120ರಿಂದ 130 ಡಿಗ್ರಿ ಇರುವಷ್ಟು ದೂರದಲ್ಲಿ ಬಿಗಿಯಬೇಕು. ತೀರಾ ದೂರವಿಟ್ಟರೆ ಕಾಲು ನೆಟ್ಟಗಾಗಿ ಒದೆಯಲು ಜಾಗವೇ ಇರುವುದಿಲ್ಲ. ತೀರಾ ಹತ್ತಿರವಾದರೆ ಮಂಡಿ ಕೈಗೆ ತಾಗಿ, ಬೆನ್ನು ಗೂನಾಗುತ್ತದೆ. ಪಾದದ ಮೇಲೆ ಹಾಯುವ ಪಟ್ಟಿ ಈ ದೋಣಿಯಲ್ಲಿ ಅತಿ ಅಗ್ಗದ, ಅತಿ ಮುಖ್ಯದ ಭಾಗ. ಬಲಗಡೆ ಹುಟ್ಟು ಹಾಕುವಾಗ ಬಲಗಾಲು ಒದೆಯುತ್ತದೆ, ಎಡಗಾಲು ಪಟ್ಟಿಯನ್ನು ಎಳೆಯುತ್ತದೆ, ಸೊಂಟ ತಿರುಗುತ್ತದೆ. ಪಟ್ಟಿ ಸಡಿಲವಾಗಿದ್ದರೆ ಆ ಎಳೆತ ಇಲ್ಲ, ಕೆಲಸವೆಲ್ಲ ತೋಳಿನ ಮೇಲೆ. ಹೆಬ್ಬೆರಳು ಎತ್ತಿದ ತಕ್ಷಣ ತಾಗುವಷ್ಟು ಬಿಗಿ ಇರಬೇಕು.

ಚುಕ್ಕಾಣಿ ದೋಣಿಯ ತಳದಲ್ಲಿ, ಹಿಂತುದಿಗೆ ಸ್ವಲ್ಪ ಮೊದಲು. ಎರಡು ಪಾದಗಳ ನಡುವಿನ ಕಡ್ಡಿಯಿಂದ ತಂತಿಯ ಮೂಲಕ ತಿರುಗುತ್ತದೆ. ತೆಳುವಾದ ಸಣ್ಣ ತಗಡು. ನಮ್ಮ ಕೆರೆ, ಹಿನ್ನೀರುಗಳಲ್ಲಿ ಅದಕ್ಕೆ ಎರಡು ಗಂಡಾಂತರ. ಒಂದು, ಅಂತರಗಂಗೆ ಮತ್ತು ಜೊಂಡು ಸಿಕ್ಕಿಕೊಳ್ಳುವುದು. ದೋಣಿ ಸುಮ್ಮನೆ ಭಾರವಾಯಿತು ಅನ್ನಿಸಿದರೆ ಮೊದಲು ಇದನ್ನೇ ಅನುಮಾನಿಸಿ. ಎರಡು, ಮಳೆಗಾಲದಲ್ಲಿ ತೇಲಿಬರುವ ಕೊರಡು, ತೆಂಗಿನ ಗರಿ. ಬಡಿದರೆ ಚುಕ್ಕಾಣಿ ಬಾಗುತ್ತದೆ, ಕೆಲವೊಮ್ಮೆ ಅದರ ಬುಡದಲ್ಲಿ ಒಡಲೇ ಬಿರಿಯುತ್ತದೆ. ಬಿಡಿ ಚುಕ್ಕಾಣಿ ಒಂದು, ತಂತಿ ಒಂದು ಜೊತೆ ದೋಣಿಯೊಂದಿಗೇ ತರಿಸಿಕೊಳ್ಳಿ. ಉಪ್ಪುನೀರಿನಲ್ಲಿ ಬಳಸಿದ ದಿನ ಸಿಹಿನೀರಿನಲ್ಲಿ ತೊಳೆಯದಿದ್ದರೆ ಮೊದಲು ತುಕ್ಕು ಹಿಡಿಯುವುದು ಈ ತಂತಿಗೇ.

ಹುಟ್ಟಿನ ಮಾತು ಬೇರೆಯೇ ಆಡಬೇಕು, ದೋಣಿಗಿಂತ ಮೊದಲು ದುಡ್ಡು ಹಾಕಬೇಕಾದ್ದು ಇದಕ್ಕೆ. ಈಗ ಎಲ್ಲರೂ ಹಿಡಿಯುವುದು ರೆಕ್ಕೆ ಹುಟ್ಟು. 1980ರ ದಶಕದ ನಡುವಿನಲ್ಲಿ ಸ್ವೀಡನ್ನಿನವರು ತಂದದ್ದು. ಇದರ ಎಲೆ, ಅಂದರೆ ದಂಡದ ಎರಡೂ ತುದಿಯಲ್ಲಿ ನೀರಿಗೆ ಬೀಳುವ ಅಗಲ ಭಾಗ, ಸೌಟಿನಂತೆ ಒಳಬಾಗಿದೆ, ಒಂದು ಅಂಚು ವಿಮಾನದ ರೆಕ್ಕೆಯ ಹಾಗೆ ದಪ್ಪ. ಚಪ್ಪಟೆ ಹುಟ್ಟನ್ನು ಹಿಂದಕ್ಕೆ ಎಳೆದರೆ ಎಲೆ ನೀರಿನಲ್ಲಿ ಜಾರುತ್ತದೆ. ಇದನ್ನು ಪಾದದ ಪಕ್ಕ ನೆಟ್ಟು ಹೊರಮುಖವಾಗಿ ಬಿಟ್ಟರೆ ಎಲೆ ನೀರನ್ನು ಕಚ್ಚಿ ಹಿಡಿಯುತ್ತದೆ, ದೋಣಿ ಅದನ್ನು ದಾಟಿ ಮುಂದೆ ಹೋಗುತ್ತದೆ. ಸೊಂಟದ ಹತ್ತಿರ ಬಂದಾಗ ಹೊರಗೆ ತೆಗೆಯಬೇಕು. ಅದಕ್ಕಿಂತ ಹಿಂದೆ ಎಳೆದರೆ ನೀರನ್ನು ಮೇಲಕ್ಕೆ ಎತ್ತಿ ದೋಣಿಯನ್ನು ಕೆಳಗೆ ಒತ್ತಿದಂತೆ. ಹರಿಗೋಲಿನ ಅಂಬಿಗರ ಕೈಗೆ ಒಗ್ಗಿದ ಎಳೆತ ಇಲ್ಲಿ ನಡೆಯದು. ದೋಣಿಗೆ ಒತ್ತಾಗಿ ನೇರ ಹಿಂದಕ್ಕೆ ಎಳೆದರೆ ಎಲೆ ನಡುಗಿ, ಒಳಗೆ ನುಗ್ಗಿ, ನಿಮ್ಮನ್ನೇ ಮಗುಚುತ್ತದೆ.

ಲಿಥುವೇನಿಯಾದ ಬ್ರಾಚಾ, ಸ್ಲೊವಾಕಿಯಾದ ಯಾಂಟೆಕ್ಸ್ ಈ ಹುಟ್ಟುಗಳಿಗೆ ಹೆಸರಾದವು. ಎರಡರಲ್ಲಿ ಯಾವುದು ಎಂಬ ಜಗಳ ಮುಗಿಯುವಂಥದ್ದಲ್ಲ. ಎಲೆಯ ವಿಸ್ತಾರ ಮತ್ತು ಉದ್ದ ಸರಿಯಿದ್ದರೆ ಎರಡೂ ಸರಿ. ವಯಸ್ಕ ಹೆಂಗಸರ ರೇಸಿಗೆ ಉದ್ದ ಸಾಮಾನ್ಯವಾಗಿ 208ರಿಂದ 216 ಸೆಂಟಿಮೀಟರ್, ಎರಡು ಎಲೆಗಳ ನಡುವಿನ ತಿರುವು 60ರಿಂದ 70 ಡಿಗ್ರಿ. ಹದಿಹರೆಯದ ಹುಡುಗಿಗೆ ಗಂಡಸರ ಎಲೆ ಕೊಟ್ಟರೆ ಮೊದಲ ಐವತ್ತು ಮೀಟರ್ ಹಾರುತ್ತಾಳೆ, ನೂರೈವತ್ತರಲ್ಲಿ ಕೈ ಸೋಲುತ್ತದೆ, ಆರು ತಿಂಗಳಲ್ಲಿ ಭುಜ ನೋಯುತ್ತದೆ. 200 ಮೀಟರಿನಲ್ಲಿ ನಿಮಿಷಕ್ಕೆ 130ಕ್ಕೂ ಮೇಲೆ ಹುಟ್ಟು ಬೀಳಬೇಕು. ದೊಡ್ಡ ಎಲೆಯಲ್ಲಿ ಆ ಲಯ ಬರುವುದೇ ಇಲ್ಲ. ಮೊದಲ ಖರೀದಿಗೆ ನಡುವೆ ಕೀಲಿದ್ದು ಉದ್ದವನ್ನೂ ತಿರುವನ್ನೂ ಬದಲಿಸಬಹುದಾದ ದಂಡವೇ ಇರಲಿ. ಕೀಲಿಗೆ ಮರಳು ಹೋದರೆ ಕಚ್ಚಿಕೊಂಡು ಬಿಡುತ್ತದೆ. ಪ್ರತಿ ಸಲ ಬಿಚ್ಚಿ, ಒರೆಸಿ, ಒಣಗಿಸಿ ಇಡಿ.

ಸಾಗಣೆ ಇದರ ದೊಡ್ಡ ಕೊರತೆ. ಐದು ಮೀಟರಿನ ತೆಳು ಚಿಪ್ಪು ಸಮುದ್ರ ದಾಟಿ ಬರಬೇಕು. ಬೆಲೆಯೇ ರೂಪಾಯಿಯಲ್ಲಿ ಲಕ್ಷಗಳು, ಅದರ ಮೇಲೆ ಸಾಗಣೆ, ಸುಂಕ. ಒಬ್ಬರೇ ಒಂದು ತರಿಸುವುದಕ್ಕಿಂತ ಹಲವರು ಸೇರಿ ಒಂದು ಕಂಟೇನರ್ ತರಿಸುವುದು ಲೆಕ್ಕಕ್ಕೆ ಸರಿ. ಬಂದ ಕೂಡಲೇ ಸಹಿ ಹಾಕುವ ಮುನ್ನ ಹೊದಿಕೆ ಬಿಚ್ಚಿ, ತಳವನ್ನು ಬೆಳಕಿಗೆ ಹಿಡಿದು ಕೂದಲೆಳೆಯ ಬಿರುಕು ಹುಡುಕಿ, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾ ಹೋಗಿ; ಟಣ್ ಎನ್ನುವ ಬದಲು ಡಬ್ ಎಂದರೆ ಪದರ ಬಿಟ್ಟಿದೆ. ಕಾರಿನ ಮೇಲೆ ಕಟ್ಟುವಾಗ ಮೆತ್ತೆಯ ತೊಟ್ಟಿಲು ಎರಡು, ಅವುಗಳ ನಡುವೆ ಒಂದೂವರೆ ಎರಡು ಮೀಟರ್ ಅಂತರ, ಬಟ್ಟೆಪಟ್ಟಿ ಕೈಯಲ್ಲಿ ಎಳೆದಷ್ಟೇ ಬಿಗಿ. ರಾಟೆಯಿಂದ ಬಿಗಿದರೆ ಮೇಲ್ಭಾಗ ಕುಸಿಯುತ್ತದೆ.

ಬಿಸಿಲಿಗೆ ಬಿಡಬೇಡಿ. ಒಡಲು ವಿಪರೀತ ಕಾದರೆ ಪದರಗಳು ಬಿಟ್ಟುಕೊಳ್ಳಬಹುದು. ಕಪ್ಪು ಕಾರ್ಬನ್ ಚೆಂದ ಕಾಣುತ್ತದೆ, ನಮ್ಮ ಹವೆಗೆ ಬಿಳಿಯೇ ವಾಸಿ. ತಳದ ಸಣ್ಣ ಗೀರುಗಳಿಗೆ 800, 1200, 2000 ನಂಬರಿನ ನೀರುಕಾಗದದಲ್ಲಿ ಕ್ರಮವಾಗಿ ಉಜ್ಜಿದರೆ ಸಾಕು. ಬಟ್ಟೆಯ ನೇಯ್ಗೆ ಕಂಡರೆ ಮಾತ್ರ ಎಪಾಕ್ಸಿ ಹಾಕಿ, ಒದ್ದೆಯಿರುವಾಗ ಹಾಕಬೇಡಿ, ಎರಡು ದಿನ ಒಣಗಲು ಬಿಡಿ.

ಭಾರತದಲ್ಲಿ ಈ ಆಟದ ಕೇಂದ್ರ ಇವತ್ತಿಗೂ ಭೋಪಾಲದ ದೊಡ್ಡ ಕೆರೆ. ಹಾಂಗ್ಝೌ ಏಷ್ಯನ್ ಗೇಮ್ಸ್‌ನಲ್ಲಿ ಅರ್ಜುನ್ ಸಿಂಗ್, ಸುನಿಲ್ ಸಿಂಗ್ ಸಲಾಮ್ ಜೋಡಿ ಕನೂ (ಮಂಡಿಯೂರಿ, ಒಂದೇ ಎಲೆಯ ಹುಟ್ಟು ಹಾಕುವ ದೋಣಿ) 1000 ಮೀಟರಿನಲ್ಲಿ ಕಂಚು ತಂದರು; ಅಂಗವಿಕಲರ ಏಷ್ಯನ್ ಗೇಮ್ಸ್‌ನಲ್ಲಿ ಪ್ರಾಚಿ ಯಾದವ್ ಕಯಾಕ್‌ನಲ್ಲೇ ಚಿನ್ನ ಗೆದ್ದರು. ಮಗಳು ರಾಷ್ಟ್ರಮಟ್ಟದ ಫೈನಲ್ ಮುಟ್ಟಿ, ತೂಕ ಒಂದು ಅಳತೆಯಲ್ಲಿ ನಿಂತು, ಅಗಲದ ದೋಣಿಯಲ್ಲಿ ಆ ಮೂರು ಪರೀಕ್ಷೆಯೂ ಮುಗಿದಿದ್ದರೆ ರೇಸ್ ಕೆ-1ಕ್ಕೆ ದುಡ್ಡು ಹಾಕಿ, ಕಣ್ಣುಮುಚ್ಚಿ. ಇನ್ನೂ ಬೆಳೆಯುತ್ತಿರುವ ಹುಡುಗಿಯಾದರೆ ಎರಡು ವರ್ಷ ಓಡಿದ ದೋಣಿ ಹುಡುಕಿ. ಹೇಗೂ ಮುಂದಿನ ವರ್ಷ ಅವಳ ಅಳತೆ ಬದಲಾಗುತ್ತದೆ.